ಕಪ್ ಅಡವಿಟ್ಟ ಊರಿನಲ್ಲಿ ನಾಲ್ಕು ದಿನ

ಮಗ ನ್ಯೂಕಾಸಲ್‌ನಲ್ಲಿ ಕೆಲಸದಲ್ಲಿದ್ದಾನೆ. ಮಾರ್ಚ್ ತಿಂಗಳಲ್ಲಿ ನಾನೂ ನಮ್ಮಾಕೆಯೂ ಅವನ ಮನೆಗೆ ಹೋಗಿದ್ದೆವು. ಲಂಡನ್, ಎಡಿನ್‌ಬರೋ ಅಂತ ಅವನು ದೊಡ್ಡ ಪಟ್ಟಿಯನ್ನೇ ಮಾಡಿಟ್ಟಿದ್ದ. ಅದರಲ್ಲಿ ನಾಲ್ಕು ದಿನ ನನಗೆ ಬಿಟ್ಟುಬಿಡು, ವೆಸ್ಟ್ ಆಕ್‌ಲ್ಯಾಂಡ್ ನೋಡಬೇಕು ಅಂದೆ. "ಅದು ನ್ಯೂಜಿಲೆಂಡಲ್ಲಿ ಅಲ್ವಾ ಅಪ್ಪಾ?" ಅಂದ. ಅಲ್ಲ ಕಣೋ, ನಿನ್ನ ಮನೆಯಿಂದ ಎರಡು ಗಂಟೆ ದಾರಿ ಅಂದೆ. ಐದು ವರ್ಷದಿಂದ ಅಲ್ಲೇ ಇರುವವನಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಅಪ್ಪನಿಂದ. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್. ಅಪ್ಪ ಚಾಂಪಿಯನ್ ರೀಫ್ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಗಣಿಯ ಫುಟ್‌ಬಾಲ್ ಟೀಮಿನ ಲೆಕ್ಕಪತ್ರವೂ ಅವರದೇ. ಹಾಗಾಗಿ ಟೀಮಿನ ಚೆಂಡು ನಮ್ಮ ಮನೆಯಲ್ಲೇ ಇರುತ್ತಿತ್ತು. ತೊಗಲಿನದು, ಒಳಗೆ ರಬ್ಬರ್ ಬ್ಲಾಡರ್, ಬಾಯಿಗೆ ಷೂ ಕಟ್ಟಿದ ಹಾಗೆ ಲೇಸು. ಶನಿವಾರ ರಾತ್ರಿ ಅಪ್ಪ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಹರಳೆಣ್ಣೆ ಸವರಿ, ಹಾಸಿಗೆ ಗೂಡಿನ ಪಕ್ಕ ಇಡುತ್ತಿದ್ದರು. ಮುಟ್ಟಿದರೆ ಏಟು. ಎಣ್ಣೆ ಸವರುವಾಗ ಮಾತ್ರ ಕತೆ ಹೇಳುತ್ತಿದ್ದರು. ಅವುಗಳಲ್ಲಿ ಒಂದು: "ಇಂಗ್ಲೆಂಡಿನ ಒಂದು ಹಳ್ಳಿಯಿಂದ ಗಣಿ ಕೂಲಿಗಳು ಇಟಲಿಗೆ ಹೋಗಿ ವರ್ಲ್ಡ್ ಕಪ್ ಗೆದ್ದಿದ್ದರಂತೆ ಕಣೋ. ಆಮೇಲೆ ಆ ಕಪ್ಪನ್ನೇ ಅಡವಿಟ್ಟರಂತೆ." ಅಪ್ಪ ಯಾರಿಂದ ಕೇಳಿದ್ದರೋ. ನಾನು ಕಟ್ಟುಕತೆ ಅಂದುಕೊಂಡಿದ್ದೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚೆಂಡು ಕೇಳಿಕೊಂಡು ಯಾರೂ ಬರಲಿಲ್ಲ. ಅದು ಅಟ್ಟ ಸೇರಿತು.

ಮೊದಲ ದಿನ: ಬಿಷಪ್ ಆಕ್‌ಲ್ಯಾಂಡ್

ನ್ಯೂಕಾಸಲ್‌ನಿಂದ ಡಾರ್ಲಿಂಗ್ಟನ್, ಅಲ್ಲಿಂದ ಇನ್ನೊಂದು ಪುಟ್ಟ ರೈಲು. ನಮ್ಮೂರಿನ ಮಾರಿಕುಪ್ಪಂ ಪ್ಯಾಸೆಂಜರ್ ನೆನಪಾಗುವಷ್ಟು ನಿಧಾನ. ನಡುವೆ ಶಿಲ್ಡನ್ ಬರುತ್ತದೆ. 1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲು ಶುರುವಾದದ್ದು ಈ ಕಡೆಯಿಂದಲೇ, ಕಲ್ಲಿದ್ದಲು ಸಾಗಿಸಲು. ಅಲ್ಲೊಂದು ರೈಲು ಮ್ಯೂಸಿಯಂ ಇದೆ. ಇಳಿಯೋಣ ಅಂದೆ. ನಮ್ಮಾಕೆ ಕಿಟಕಿಯಾಚೆ ನೋಡಿದಳು. ಆಲಿಕಲ್ಲು ಬೀಳುತ್ತಿತ್ತು. ಇಳಿಯಲಿಲ್ಲ.

ರೈಲು ದಾರಿಯ ಕೊನೆಯ ನಿಲ್ದಾಣ ಬಿಷಪ್ ಆಕ್‌ಲ್ಯಾಂಡ್. ಡರಂನ ಬಿಷಪ್ಪರ ಅರಮನೆ ಇರುವ ಊರು, ಹಾಗಾಗಿ ಆ ಹೆಸರು. ಇಲ್ಲಿ ಇಳಿದುಕೊಳ್ಳುವುದೇ ಒಳ್ಳೆಯದು. ವೆಸ್ಟ್ ಆಕ್‌ಲ್ಯಾಂಡಿಗೂ ಕ್ರೂಕ್‌ಗೂ ಬಸ್ ಸಿಗುತ್ತದೆ, ರೂಮು ಅಗ್ಗ. ನಾವಿದ್ದ ಮನೆಯ ಒಡತಿಗೆ ಅರವತ್ತರ ಮೇಲಿರಬೇಕು. ಬಾಗಿಲು ತೆರೆದವರೇ ನಮ್ಮಾಕೆಗೆ "ಕಮ್ ಇನ್, ಪೆಟ್" ಅಂದರು. ಮೇಲೆ ಹೋದ ಮೇಲೆ ನಮ್ಮಾಕೆ ಕೇಳಿದ್ದು ಇದೇ: "ರೀ, ಪೆಟ್ ಅಂದ್ರೆ ನಾಯಿ ಬೆಕ್ಕು ಅಲ್ವಾ?" ಇಲ್ಲಿ ಅದು ನಮ್ಮ 'ಚಿನ್ನಾ' ಇದ್ದ ಹಾಗೆ ಅಂದೆ. ಸಂಜೆಯ ಹೊತ್ತಿಗೆ ಅಂಗಡಿಯವನು, ಬಸ್ ಡ್ರೈವರು, ಎಲ್ಲರೂ ಅವಳನ್ನು ಪೆಟ್ ಅಂದಾಗಿತ್ತು. ನನ್ನನ್ನು ಯಾರೂ ಏನೂ ಅನ್ನಲಿಲ್ಲ.

ಮಾರ್ಕೆಟ್ ಚೌಕದಲ್ಲಿ ಗಣಿ ಕಾರ್ಮಿಕರ ಚಿತ್ರಗಳ ಒಂದು ಗ್ಯಾಲರಿ ಇದೆ. 2017ರಲ್ಲಿ ತೆರೆದದ್ದು. ಮಳೆಗೆ ನಿಲ್ಲಲು ಹೋದವರು ಎರಡು ಗಂಟೆ ಅಲ್ಲೇ ಇದ್ದೆವು. ಬರೆದವರಲ್ಲಿ ಹೆಚ್ಚಿನವರು ಗಣಿಯಲ್ಲೇ ದುಡಿದವರು. ನಾರ್ಮನ್ ಕಾರ್ನಿಷ್, ಟಾಮ್ ಮೆಕ್‌ಗಿನಿಸ್ ಇಬ್ಬರೂ ಕೆಳಗೆ ಇಳಿದು ಬಂದು ಬಣ್ಣ ಹಿಡಿದವರು. ಒಂದು ಚಿತ್ರದಲ್ಲಿ ಮನುಷ್ಯ ಪಕ್ಕಕ್ಕೆ ಮಲಗಿ ಕಲ್ಲಿದ್ದಲು ಕಡಿಯುತ್ತಿದ್ದಾನೆ. ಮಂಚದ ಕೆಳಗೆ ಬಿದ್ದ ನಾಣ್ಯ ಹುಡುಕುವವನ ಭಂಗಿ. ಇಲ್ಲಿನ ಕಲ್ಲಿದ್ದಲ ಪದರ ಕೆಲವು ಕಡೆ ಎರಡು ಅಡಿಯೂ ಇರಲಿಲ್ಲವಂತೆ. ನಮ್ಮಲ್ಲಿ ಆಳ ಜಾಸ್ತಿ, ಮೂರು ಕಿಲೋಮೀಟರ್‌ಗೂ ಕೆಳಗೆ. ಅಲ್ಲಿ ಕೊಲ್ಲುತ್ತಿದ್ದದ್ದು ಶಾಖ. ಇಲ್ಲಿ ಎದ್ದು ನಿಲ್ಲಲಾಗದ ಇಕ್ಕಟ್ಟು. ವಾರವೆಲ್ಲಾ ಹೀಗೆ ಮಲಗಿದ್ದವನಿಗೆ ಶನಿವಾರ ಬಯಲಿನಲ್ಲಿ ಓಡಬೇಕು ಅನ್ನಿಸದೆ ಇರುತ್ತದೆಯೇ?

ಈ ಊರಿನ ಕ್ಲಬ್ ಹುಟ್ಟಿದ್ದು ಮಾತ್ರ ಗಣಿಯಿಂದಲ್ಲ. 1880ರ ದಶಕದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನಿಂದ ಪಾದ್ರಿಯಾಗಲು ಬಂದ ಹುಡುಗರು ಅರಮನೆಯಲ್ಲಿದ್ದುಕೊಂಡು ಆಡಲು ಶುರು ಮಾಡಿದರು. ಅದಕ್ಕೇ ಬಿಷಪ್ ಆಕ್‌ಲ್ಯಾಂಡಿನ ಅಂಗಿ ಇವತ್ತಿಗೂ ಎರಡು ನೀಲಿ. ಒಂದು ಆಕ್ಸ್‌ಫರ್ಡಿನ ಗಾಢ ನೀಲಿ, ಇನ್ನೊಂದು ಕೇಂಬ್ರಿಜ್‌ನ ತಿಳಿ ನೀಲಿ. ದುಡ್ಡಿಗಾಗಿ ಆಡದವರ ಅಮೆಚೂರ್ ಕಪ್ಪನ್ನು ಇವರು ಹತ್ತು ಸಲ ಗೆದ್ದರು. 1955, 56, 57, ಮೂರು ವರ್ಷ ಸತತವಾಗಿ. 1958ರಲ್ಲಿ ಮ್ಯೂನಿಕ್ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರನ್ನು ಕಳೆದುಕೊಂಡಾಗ ಇಲ್ಲಿಂದ ಮೂವರು ನೆರವಿಗೆ ಹೋದರು: ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ. ಬ್ರಾಡ್ಲಿ ಮುಂದೆ ಇಂಗ್ಲೆಂಡ್ ತಂಡದಲ್ಲೂ ಆಡಿದ.

ಹಾರ್ಡಿಸ್ಟಿ ಹೆಸರು ಕೇಳಿ ನನಗೆ ಬೇರೆಯೇ ಒಂದು ನೆನಪಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದವನು ಅವನು. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಎದುರು 1–2ರಲ್ಲಿ ಸೋತರು, ಹೆಚ್ಚಿನವರು ಬರಿಗಾಲಿನಲ್ಲಿ. ಭಾರತದ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ರಾತ್ರಿ ಇದನ್ನು ಮನೆ ಒಡತಿಗೆ ಹೇಳಿದೆ. "ಬರಿಗಾಲಲ್ಲಾ? ಇಂಗ್ಲೆಂಡಿನ ಹುಲ್ಲಿನಲ್ಲಾ? ಅಯ್ಯೋ ಪಾಪ, ಎಷ್ಟು ಚಳಿಯಾಗಿರಬೇಕು" ಅಂದರು. ಜುಲೈ ತಿಂಗಳು ಅಂದೆ. "ಜುಲೈ ಆದರೇನು" ಅಂದರು.

ಎರಡನೇ ದಿನ: ವೆಸ್ಟ್ ಆಕ್‌ಲ್ಯಾಂಡ್

ಬೆಳಿಗ್ಗೆ ತಿಂಡಿಗೆ ಒಡತಿ ಒಂದು ಹಳದಿ ಮುದ್ದೆ ತಂದಿಟ್ಟರು. ಪೀಸ್ ಪುಡಿಂಗ್. ಬಟಾಣಿ ಬೇಳೆಯನ್ನು ಮೆತ್ತಗೆ ಬೇಯಿಸಿ ಗಟ್ಟಿ ಮಾಡಿದ್ದು. ಸಾಮಾನ್ಯವಾಗಿ ಹಂದಿ ಮಾಂಸದ ಜೊತೆ ಬೇಯಿಸುತ್ತಾರೆ, ನಮ್ಮಾಕೆಗೆಂದು ಬೇರೆಯಾಗಿ ಮಾಡಿದ್ದರು. ಸಸ್ಯಾಹಾರಿಗಳು ಈ ಭಾಗಕ್ಕೆ ಹೋದರೆ ಮೊದಲೇ ಹೇಳಿಡುವುದು ಒಳ್ಳೆಯದು. ನಮ್ಮಾಕೆ ಒಂದು ಚಮಚ ಬಾಯಿಗಿಟ್ಟು ಕನ್ನಡದಲ್ಲಿ ತೀರ್ಪು ಕೊಟ್ಟಳು: "ಒಗ್ಗರಣೆ ಹಾಕದ ತೊವ್ವೆ." ಆಮೇಲೆ ಕೈಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದಳು. ಒಡತಿಗೂ ಒಂದು ಹೋಳು. ಅವರ ಕಣ್ಣಲ್ಲಿ ನೀರು ಬಂತು. ಇನ್ನೊಂದು ಹೋಳು ಕೇಳಿದರು.

ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ. ಆದರೆ ನಾವು ಒಂದು ಊರು ಮೊದಲೇ ಇಳಿದುಬಿಟ್ಟೆವು. 'ಸೇಂಟ್ ಹೆಲೆನ್ ಆಕ್‌ಲ್ಯಾಂಡ್' ಅನ್ನುವುದರಲ್ಲಿ ನನಗೆ ಕೇಳಿಸಿದ್ದು ಆಕ್‌ಲ್ಯಾಂಡ್ ಮಾತ್ರ. ಇಲ್ಲಿ ಬಿಷಪ್, ವೆಸ್ಟ್, ಸೇಂಟ್ ಹೆಲೆನ್ ಅಂತ ಆಕ್‌ಲ್ಯಾಂಡುಗಳ ಸಾಲೇ ಇದೆ. ನಮ್ಮ ದೊಡ್ಡ, ಚಿಕ್ಕ, ಹೊಸ, ಹಳೆ ಸೇರಿಸಿದ ಊರುಗಳ ಹಾಗೆ. ಉಳಿದ ದಾರಿಯನ್ನು ಎದುರುಗಾಳಿಯಲ್ಲಿ ನಡೆದೆವು. ನಮ್ಮಾಕೆ ಮಾತಾಡಲಿಲ್ಲ. ಗಾಳಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು. ನಾನು ಬೇರೆ ಕಾರಣ ಅಂದುಕೊಂಡಿದ್ದೆ.

ವೆಸ್ಟ್ ಆಕ್‌ಲ್ಯಾಂಡ್ ಅಂದರೆ ಉದ್ದನೆಯ ಒಂದು ಹುಲ್ಲು ಬಯಲು, ಅದರ ಸುತ್ತ ಮನೆಗಳು. ಒಂದು ಕಡೆ ಹಳೆಯ ಕಲ್ಲಿನ ದೊಡ್ಡ ಮನೆಗಳು, ಇನ್ನೊಂದು ಕಡೆ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಸಾಲುಮನೆ ನೋಡಿದ ಕೂಡಲೇ ನನಗೆ ನಮ್ಮ ಮೈನರ್ಸ್ ಲೈನುಗಳ ನೆನಪು. ಬಯಲಿನ ಮೇಲೆ ಕಂಚಿನ ಪ್ರತಿಮೆ ಇದೆ. ಒಬ್ಬ ಫುಟ್‌ಬಾಲಿಗ, ಒಬ್ಬ ಗಣಿ ಕೆಲಸಗಾರ. 2013ರಲ್ಲಿ ನಿಲ್ಲಿಸಿದ್ದು. ಇಬ್ಬರೂ ಒಬ್ಬನೇ ಅನ್ನುವುದು ಅದರ ಅರ್ಥ ಅಂತ ನಾನು ತಿಳಿದುಕೊಂಡೆ.

ಪ್ರತಿಮೆಯ ಹತ್ತಿರ ನಾಯಿ ಓಡಾಡಿಸುತ್ತಿದ್ದ ಒಬ್ಬರು ನಿಂತರು. ಎಲ್ಲಿಂದ ಬಂದಿರಿ ಅಂದರು. ಇಂಡಿಯಾ ಅಂದೆ. "ಲಾರ್ಡ್ ಆಕ್‌ಲ್ಯಾಂಡ್ ಗೊತ್ತಲ್ಲ ಹಾಗಾದರೆ" ಅಂದರು. ಶಾಲೆಯಲ್ಲಿ ಗವರ್ನರ್ ಜನರಲ್‌ಗಳ ಪಟ್ಟಿ ಬಾಯಿಪಾಠ ಮಾಡಿದ್ದೆ: ಬೆಂಟಿಂಕ್, ಆಕ್‌ಲ್ಯಾಂಡ್, ಎಲೆನ್‌ಬರೋ, ಹಾರ್ಡಿಂಜ್, ಡಾಲ್‌ಹೌಸಿ. ಆ ಪಟ್ಟಿ ಹೀಗೆ ಎಂದಾದರೂ ಕೆಲಸಕ್ಕೆ ಬರುತ್ತದೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಈ ಊರು ಈಡನ್ ಮನೆತನದ್ದು. ಆ ಮನೆತನದ ಒಬ್ಬರು ಬ್ಯಾರನ್ ಆದಾಗ ಈ ಊರಿನ ಹೆಸರನ್ನೇ ಬಿರುದಿಗೆ ಹಾಕಿಕೊಂಡರು. ಅವರ ಮಗ ಜಾರ್ಜ್ ಈಡನ್ 1836ರಿಂದ 42ರವರೆಗೆ ನಮ್ಮ ಗವರ್ನರ್ ಜನರಲ್. ನ್ಯೂಜಿಲೆಂಡಿನ ಆಕ್‌ಲ್ಯಾಂಡಿಗೆ ಇಟ್ಟದ್ದು ಅವನ ಹೆಸರು. ಅವನ ಜೊತೆ ಕಲ್ಕತ್ತಾಗೆ ಬಂದಿದ್ದ ತಂಗಿಯರ ನೆನಪಿಗೆ ಈಡನ್ ಗಾರ್ಡನ್ಸ್. ಅಂದರೆ ನಾವು ವರ್ಷಗಟ್ಟಲೆ ಟಿವಿಯಲ್ಲಿ ಕ್ರಿಕೆಟ್ ನೋಡಿದ ಮೈದಾನದ ಹೆಸರಿಗೂ ಈ ಹುಲ್ಲು ಬಯಲಿಗೂ ನಂಟು! ಮಗನಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ. ನ್ಯೂಜಿಲೆಂಡ್ ಅಂದಿದ್ದೆಯಲ್ಲ, ಅರ್ಧ ಸರಿ ಅಂತ.

ಅದೇ ಮಾತಿನ ಓಟದಲ್ಲಿ ಅವರು ಊರಿನ ಇನ್ನೊಂದು ಖ್ಯಾತಿಯನ್ನೂ ಹೇಳಿದರು. ಮೇರಿ ಆ್ಯನ್ ಕಾಟನ್ ಅನ್ನುವವಳು ಇದ್ದದ್ದು ಇದೇ ಬೀದಿಯಲ್ಲಿ. ಆರ್ಸೆನಿಕ್ ಹಾಕಿ ಮನೆಯವರನ್ನೇ ಕೊಂದವಳು, 1873ರಲ್ಲಿ ಡರಂ ಜೈಲಿನಲ್ಲಿ ಗಲ್ಲಿಗೇರಿದಳು. "ಚಹಾದಲ್ಲಿ ಹಾಕಿ ಕೊಡುತ್ತಿದ್ದಳಂತೆ" ಅಂದು, "ಬನ್ನಿ, ಚಹಾ ಕುಡಿಯೋಣ" ಅಂದರು.

ಕೆಫೆಯಲ್ಲಿ ಕೂತು ಅವರು ಕಪ್ಪಿನ ಕತೆ ಹೇಳಿದರು. ನನಗೆ ಗೊತ್ತಿದ್ದದ್ದೇ. ಆದರೂ ಆ ಊರಿನವರ ಬಾಯಲ್ಲಿ ಕೇಳಬೇಕಿತ್ತು.

1909. ಲಿಪ್ಟನ್ ಟೀಯ ಸರ್ ಥಾಮಸ್ ಲಿಪ್ಟನ್ ಇಟಲಿಯ ಟ್ಯೂರಿನ್‌ನಲ್ಲಿ ಒಂದು ಪಂದ್ಯಾವಳಿಗೆ ಬೆಳ್ಳಿ ಕಪ್ ಕೊಟ್ಟರು. ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡಿನಿಂದ ತಂಡಗಳು ಬಂದವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತಂಡ ಕಳಿಸುವುದಿಲ್ಲ ಅಂದಿತು. ಆಗ ಕರೆ ಬಂದದ್ದು ವೆಸ್ಟ್ ಆಕ್‌ಲ್ಯಾಂಡಿಗೆ. ಯಾಕೆ ಇವರಿಗೇ? ಲಂಡನ್ನಿನ ವೂಲ್‌ವಿಚ್ ಆರ್ಸೆನಲ್ ಕ್ಲಬ್ಬಿಗೆ ಹೋಗಬೇಕಿದ್ದ ಕಾಗದ ಡಬ್ಲ್ಯು-ಎ ಅನ್ನುವ ಎರಡಕ್ಷರದ ಗೊಂದಲದಲ್ಲಿ ಇಲ್ಲಿಗೆ ಬಂತು ಅಂತ ಒಂದು ಕತೆ. ನನಗೆ ನಂಬಿಕೆ ಇಲ್ಲ. ಹೇಳಿದವರಿಗೂ ಇರಲಿಲ್ಲ. "ಆದರೆ ಹೇಳದೆ ಬಿಟ್ಟರೆ ಕತೆ ಸಪ್ಪೆ" ಅಂದರು. ಹೋದವರು ಹೆಚ್ಚಾಗಿ ಗಣಿ ಕೆಲಸದವರು. ದಾರಿ ಖರ್ಚು ತಮ್ಮದೇ. ಮನೆ ಸಾಮಾನು ಅಡವಿಟ್ಟು ಹೋದವರೂ ಇದ್ದರಂತೆ. ಸ್ಟಟ್‌ಗಾರ್ಟಿನ ತಂಡವನ್ನು 2–0, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ತೂರನ್ನು 2–0 ಸೋಲಿಸಿ ಕಪ್ ಹಿಡಿದು ಬಂದರು. 1911ರಲ್ಲಿ ಮತ್ತೆ ಹೋದರು. ಜ್ಯೂರಿಕ್ ತಂಡವನ್ನು 2–0. ಫೈನಲ್‌ನಲ್ಲಿ ಇಟಲಿಯ ಯುವೆಂಟಸ್ ಎದುರು 6–1. "ಯುವೆಂಟಸ್. ಆರು. ಒಂದು" ಅಂತ ಅವರು ಬೆರಳು ಮಡಿಚಿ ಹೇಳಿದರು. ಎರಡು ಸಲ ಗೆದ್ದದ್ದಕ್ಕೆ ಕಪ್ ಶಾಶ್ವತವಾಗಿ ಇವರದೇ ಆಯಿತು.

ಮೊದಲ ವರ್ಲ್ಡ್ ಕಪ್ ಅಂತ ಊರಿನವರು ಹೇಳಿಕೊಳ್ಳುತ್ತಾರೆ. ಲೆಕ್ಕ ಹಿಡಿದರೆ 1908ರಲ್ಲೇ ಟ್ಯೂರಿನ್‌ನಲ್ಲಿ ಅಂಥದೊಂದು ಪಂದ್ಯಾವಳಿ ನಡೆದಿತ್ತು, ನಿಜವಾದ ವಿಶ್ವಕಪ್ಪು 1930ರದ್ದು. ನಾನು ಬಾಯಿಮುಚ್ಚಿಕೊಂಡೆ. ಬಿಲ್ ಅವರು ಕೊಡುತ್ತಿದ್ದರು.

ಇನ್ನು ಅಡವಿನ ಕತೆ. ಪ್ರಯಾಣದ ಸಾಲ ಕ್ಲಬ್ಬಿನ ತಲೆಯ ಮೇಲೆ ಕೂತಿತು. ಊರಿನ ವೀಟ್‌ಶೀಫ್ ಹೋಟೆಲಿನ ಒಡತಿಯಿಂದ 40 ಪೌಂಡ್ ತೆಗೆದುಕೊಂಡು ಕಪ್ಪನ್ನು ಆಕೆಯ ಕೈಗೆ ಕೊಟ್ಟರು. ಬಿಡಿಸಿಕೊಳ್ಳಲು ಆಗಲಿಲ್ಲ. ಎರಡು ಮಹಾಯುದ್ಧ ಬಂದು ಹೋದವು. 1960ರಲ್ಲಿ ಊರಿನವರು ಆಕೆಯನ್ನು ಹುಡುಕಿಕೊಂಡು ಹೋದಾಗ ಲಿವರ್‌ಪೂಲ್‌ನಲ್ಲಿದ್ದರು. ಕಪ್ಪೂ ಇತ್ತು. 100 ಪೌಂಡ್ ಕೊಟ್ಟು ಬಿಡಿಸಿ ತಂದರು.

ಇಲ್ಲಿ ನಾನು ಚಹಾ ಲೋಟ ಕೆಳಗಿಟ್ಟೆ. ಕಪ್ ಗೆದ್ದದ್ದಕ್ಕಿಂತ ಇದು ದೊಡ್ಡದು ಅನ್ನಿಸಿತು ನನಗೆ. ಸುಮಾರು ಐವತ್ತು ವರ್ಷ ಆದ ಮೇಲೆ ಒಂದು ಊರು ಹೋಗಿ "ನಮ್ಮದೊಂದು ನಿಮ್ಮಲ್ಲಿದೆ" ಅಂತ ಕೇಳಿತಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. 1994ರಲ್ಲಿ ಊರಿನ ವರ್ಕಿಂಗ್ ಮೆನ್ಸ್ ಕ್ಲಬ್ಬಿನಿಂದ ಕಪ್ ಕಳುವಾಯಿತು. ಇವತ್ತಿಗೂ ಸಿಕ್ಕಿಲ್ಲ. ಅದೇ ಅಚ್ಚಿನ ಇನ್ನೊಂದು ಮಾಡಿಸಿದರು. ಅದನ್ನಾದರೂ ನೋಡೋಣ ಅಂತ ಹೊರಟರೆ, ನಾವು ಹೋದ ಹೊತ್ತಿಗೆ ಬಾಗಿಲು ಹಾಕಿತ್ತು. ತಪ್ಪು ನನ್ನದೇ, ಫೋನ್ ಮಾಡಿ ಹೋಗಬೇಕಿತ್ತು. ಎಂಟು ಸಾವಿರ ಕಿಲೋಮೀಟರ್ ದೂರದಿಂದ ಬಂದು ಬೀಗ ನೋಡಿದೆ. ನಮ್ಮಾಕೆ "ಬೀಗದ ಫೋಟೋ ಆದ್ರೂ ತಕ್ಕೊಳ್ಳಿ" ಅಂದಳು. ತೆಗೆದುಕೊಂಡೆ.

ಮೂರನೇ ದಿನ: ಕ್ರೂಕ್, ಮಳೆ

ಇಡೀ ದಿನ ಮಳೆ. ಛತ್ರಿ ಬಸ್ ಸ್ಟಾಪಿನಲ್ಲೇ ಉಲ್ಟಾ ತಿರುಗಿ ಎರಡು ಕಡ್ಡಿ ಮುರಿಯಿತು. ಈ ಕಡೆ ಛತ್ರಿ ಹಿಡಿಯುವವರು ಕಡಿಮೆ. ಯಾಕೆ ಅಂತ ಆಗ ತಿಳಿಯಿತು. ಟೋಪಿ ಇರುವ ಜಾಕೆಟ್ಟೇ ಸರಿ.

ಕ್ರೂಕ್ ಗುಡ್ಡದ ಮೇಲಿನ ಊರು. ಇಲ್ಲಿನ ಕ್ರೂಕ್ ಟೌನ್ ಕ್ಲಬ್ ಅಮೆಚೂರ್ ಕಪ್ಪನ್ನು ಐದು ಸಲ ಗೆದ್ದಿದೆ. 1954ರ ಫೈನಲ್ ಬಿಷಪ್ ಆಕ್‌ಲ್ಯಾಂಡಿಗೂ ಕ್ರೂಕಿಗೂ. ಎರಡು ಊರುಗಳ ನಡುವೆ ಎಂಟು ಕಿಲೋಮೀಟರ್. ಆಡಿದ್ದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ, ನೋಡಿದವರು ಒಂದು ಲಕ್ಷ ಜನ. 2–2. ನ್ಯೂಕಾಸಲ್‌ನಲ್ಲಿ ಮತ್ತೆ ಆಡಿದರು, ಮತ್ತೆ 2–2. ಮಿಡಲ್ಸ್‌ಬರೋದಲ್ಲಿ ಮೂರನೇ ಸಲ ಆಡಿ ಕ್ರೂಕ್ 1–0ಯಲ್ಲಿ ಗೆದ್ದಿತು. ಕೋಲಾರದವರೂ ಬಂಗಾರಪೇಟೆಯವರೂ ಹೋಗಿ ಬೆಂಗಳೂರಿನ ಕಂಠೀರವದಲ್ಲಿ ಆಡಿ, ಜಾಗ ಸಾಲದೆ ಜನ ಹೊರಗೆ ನಿಂತ ಹಾಗೆ ಅಂದುಕೊಳ್ಳಿ.

ಮಿಲ್‌ಫೀಲ್ಡ್ ಮೈದಾನದ ಗೇಟಿನ ಹತ್ತಿರ ನೆನೆಯುತ್ತಾ ನಿಂತಿದ್ದೆವು. ಒಳಗೆ ಏನೋ ರಿಪೇರಿ ಮಾಡುತ್ತಿದ್ದ ಒಬ್ಬರು ನೋಡಿ ಕರೆದು ಸ್ಟ್ಯಾಂಡಿನ ಕೆಳಗೆ ಕೂರಿಸಿದರು. ಕೈಯಲ್ಲಿ ಬಣ್ಣದ ಡಬ್ಬಿ. ಸಂಬಳ ಇಲ್ಲ, ನಿವೃತ್ತಿಯಾದ ಮೇಲೆ ವಾರಕ್ಕೆ ಮೂರು ದಿನ ಬರುತ್ತಾರಂತೆ. "ಹೆಂಡತಿಗೂ ನೆಮ್ಮದಿ" ಅಂದರು. ಇಂಡಿಯಾದವರು ಅಂದ ಕೂಡಲೇ ಅವರ ಮುಖ ಅರಳಿತು. "ನಮ್ಮವರು 1976ರಲ್ಲಿ ಇಂಡಿಯಾಕ್ಕೆ ಬಂದಿದ್ದರು, ಗೊತ್ತಾ?" ನನಗೆ ಗೊತ್ತಿರಲಿಲ್ಲ. ಇಷ್ಟು ಚಿಕ್ಕ ಊರಿನ ಕ್ಲಬ್ಬು ನಮ್ಮ ದೇಶಕ್ಕೆ ಪ್ರವಾಸ ಬಂದಿತ್ತು!

ಇನ್ನೊಂದು ಹೆಸರು ಹೇಳಿದರು. ಜ್ಯಾಕ್ ಗ್ರೀನ್‌ವೆಲ್. 1884ರಲ್ಲಿ ಇದೇ ಕ್ರೂಕಿನಲ್ಲಿ ಹುಟ್ಟಿದವನು, ಗಣಿ ಕೆಲಸಗಾರ. ವೆಸ್ಟ್ ಆಕ್‌ಲ್ಯಾಂಡಿನವರು 1909ರಲ್ಲಿ ಟ್ಯೂರಿನ್‌ಗೆ ಹೋಗುವಾಗ ಆಟಗಾರರು ಸಾಲದೆ ಇವನನ್ನು ಎರವಲು ಕರೆದುಕೊಂಡು ಹೋದರು. ಅಲ್ಲಿಂದ ಅವನಿಗೆ ಹೊರಗಿನ ಗಾಳಿ ಹತ್ತಿತೋ ಏನೋ. ಕೆಲವೇ ವರ್ಷಗಳಲ್ಲಿ ಬಾರ್ಸಿಲೋನಾ ಸೇರಿದ, ಆಡಿದ, ಆಮೇಲೆ ಅದೇ ಕ್ಲಬ್ಬಿನ ಕೋಚ್ ಆದ. 1939ರಲ್ಲಿ ಪೆರು ದೇಶಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ಕ್ರೂಕ್ ಟೌನ್ ತಂಡವೂ ಸ್ಪೇನಿಗೆ ಹೋಗಿ ಬಾರ್ಸಿಲೋನಾ ಎದುರು ಆಡಿ ಬಂತು.

ಮತ್ತೆ ಈ ಕ್ಲಬ್ಬುಗಳೆಲ್ಲ ಯಾಕೆ ಕೆಳಗಿಳಿದವು ಅಂದೆ. ಅವರು ಬ್ರಷ್ ಡಬ್ಬಿಯೊಳಗೆ ಅದ್ದಿಟ್ಟರು. ಅಮೆಚೂರ್ ಅಂದರೆ ದುಡ್ಡು ತೆಗೆದುಕೊಳ್ಳದವರು ಅಂತ ಹೆಸರಿಗೆ. ಆಟ ಮುಗಿದ ಮೇಲೆ ಬೂಟಿನೊಳಗೆ ನೋಟು ಸಿಗುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. 1974ರಲ್ಲಿ ಆ ಭೇದವನ್ನೇ ತೆಗೆದುಹಾಕಿದರು, ಅಮೆಚೂರ್ ಕಪ್ ನಿಂತುಹೋಯಿತು. ಅದಕ್ಕೂ ಮೊದಲೇ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. 1951ರಲ್ಲಿ ಡರಂ ಜಿಲ್ಲೆಯ ಯೋಜನೆಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು 'ಡಿ ವರ್ಗ' ಅಂತ ಗುರುತಿಸಿದರು. ಡಿ ಅಂದರೆ ಆ ಊರಿಗೆ ಇನ್ನು ಹೊಸ ಮನೆ ಇಲ್ಲ, ಹೊಸ ಖರ್ಚಿಲ್ಲ, ತಾನಾಗಿ ಖಾಲಿಯಾಗಲಿ. "ನನ್ನ ತಾಯಿಯ ಊರು ಅದರಲ್ಲಿತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಳೆ ನೋಡಿದೆವು. ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಗಣಿಯ ತ್ಯಾಜ್ಯ ರಾಶಿಬಿದ್ದ ಸಯನೈಡ್ ಗುಡ್ಡ, ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವ ನಮ್ಮ ಹುಡುಗರ ಸುದ್ದಿ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ. "ಟೀಮು?"

ಟೀಮು ಗಣಿಯದು, ಗಣಿ ಹೋಯಿತು ಅಂದೆ. ಊರಿನಲ್ಲಿ ಹುಡುಗರು ಈಗಲೂ ಆಡುತ್ತಾರೆ, ಅಪ್ಪ ಲೆಕ್ಕ ಬರೆಯುತ್ತಿದ್ದ ಆ ಟೀಮು ಇಲ್ಲ.

ಅವರು ಮತ್ತೆ ಬ್ರಷ್ ಎತ್ತಿಕೊಂಡರು.

ನಾಲ್ಕನೇ ದಿನ: ಶನಿವಾರ, ಮೂರು ಗಂಟೆ

ಶನಿವಾರ ಬಿಸಿಲು ಬಂತು. ಬಿಸಿಲು ಅಂದರೆ ಬೆಳಕು, ಬಿಸಿ ಏನೂ ಇಲ್ಲ. ವೆಸ್ಟ್ ಆಕ್‌ಲ್ಯಾಂಡಿನ ತವರಿನ ಪಂದ್ಯ, ಡಾರ್ಲಿಂಗ್ಟನ್ ರಸ್ತೆಯ ಮೈದಾನದಲ್ಲಿ. ಟಿಕೆಟ್ ಮೊದಲೇ ತೆಗೆಸುವ ಚಿಂತೆಯಿಲ್ಲ, ಗೇಟಿನಲ್ಲಿ ಹತ್ತು ಪೌಂಡಿನೊಳಗೆ ಸಿಗುತ್ತದೆ. ಮಗ ಕಾರಿನಲ್ಲಿ ಬಂದು ಸೇರಿಕೊಳ್ಳುತ್ತೇನೆ ಅಂದಿದ್ದ, ಬರಲಿಲ್ಲ. ಆಫೀಸು.

ಇಂಗ್ಲೆಂಡಿನ ಫುಟ್‌ಬಾಲ್ ಒಂದು ಏಣಿ. ಮೇಲಿನ ನಾಲ್ಕು ಮೆಟ್ಟಿಲಿನ 92 ಕ್ಲಬ್ಬುಗಳು 'ಲೀಗ್'. ಕೆಳಗಿನವರೆಲ್ಲ 'ನಾನ್-ಲೀಗ್'. ಇವರಿರುವುದು 1889ರಲ್ಲಿ ಶುರುವಾದ ನಾರ್ದರ್ನ್ ಲೀಗಿನಲ್ಲಿ, ಅಂದರೆ ಒಂಬತ್ತನೇ ಮೆಟ್ಟಿಲು. ಪ್ರಪಂಚದಲ್ಲಿ ಇನ್ನೂ ನಡೆಯುತ್ತಿರುವ ಲೀಗುಗಳಲ್ಲಿ ಎರಡನೆಯ ಹಳೆಯದು ಇದು. ಹಾಗಂತ ಕ್ಲಬ್ ಮಲಗಿಲ್ಲ. ಚಿಕ್ಕ ಕ್ಲಬ್ಬುಗಳ ಎಫ್‌ಎ ವಾಸ್ ಫೈನಲ್‌ಗೆ 2012ರಲ್ಲೂ 2014ರಲ್ಲೂ ಹೋಗಿ ವೆಂಬ್ಲಿಯಲ್ಲಿ ಆಡಿತು. ಎರಡರಲ್ಲೂ ಸೋತಿತು.

ತಿರುಗುವ ಕಬ್ಬಿಣದ ಗೇಟು ಒಬ್ಬರಿಗಷ್ಟೇ ಜಾಗ ಬಿಡುತ್ತದೆ. ಎರಡು ಸ್ವೆಟರ್ ಮೇಲೆ ಕೋಟು ಹಾಕಿದ್ದ ನಮ್ಮಾಕೆ ನಡುವೆ ಸಿಕ್ಕಿಕೊಂಡಳು. ಗೇಟಿನವನು "ಟೇಕ್ ಯುವರ್ ಟೈಮ್, ಪೆಟ್" ಅಂದ. ಒಳಗೆ ಹೋಗುತ್ತಿದ್ದಂತೆ ಒಬ್ಬ ಹುಡುಗಿ ಲಾಟರಿ ಚೀಟಿ ಮಾರಿದಳು, ಒಂದು ಪೌಂಡಿಗೆ ಒಂದು. ದುಡ್ಡು ಕ್ಲಬ್ಬಿಗೆ. ನಮ್ಮಾಕೆ ಮೂರು ತೆಗೆದುಕೊಂಡಳು.

ಜನ ಎಣಿಸಿದೆ. ಇನ್ನೂರು ಇರಲಿಲ್ಲ. ನಾಯಿಗಳು ಒಂಬತ್ತು. ಆಟಗಾರ ಥ್ರೋ ಮಾಡಲು ಬಂದರೆ ನಮ್ಮಿಂದ ಒಂದು ಮಾರು ದೂರ, ಉಸಿರಾಟ ಕೇಳಿಸುತ್ತದೆ, ಮೈಯಿಂದ ಹಬೆ ಏಳುವುದು ಕಾಣಿಸುತ್ತದೆ. ಬೂಟಿನ ಮುಳ್ಳು ಹುಲ್ಲನ್ನು ಕಿತ್ತ ಹಸಿ ಮಣ್ಣಿನ ವಾಸನೆ. ಹಿಂದೆ ನಿಂತ ಒಬ್ಬ ಅಜ್ಜಿ ಲೈನ್ಸ್‌ಮನ್ನಿಗೆ ತೊಂಬತ್ತು ನಿಮಿಷವೂ ಬೈದರು. ಕನ್ನಡಕ ಬೇಕಾ, ನಿನ್ನಮ್ಮನಿಗೆ ಹೇಳ್ತೀನಿ ಅನ್ನುವ ಧಾಟಿ. ಅರ್ಧ ಆಟ ಮುಗಿದಾಗ ಅದೇ ಲೈನ್ಸ್‌ಮನ್ ಬೇಲಿಯ ಹತ್ತಿರ ಬಂದು "ಮೊಣಕಾಲು ಹೇಗಿದೆ?" ಅಂತ ಅಜ್ಜಿಯನ್ನೇ ಕೇಳಿದ. ಒಮ್ಮೆ ಚೆಂಡು ಗೋಡೆ ದಾಟಿ ಆಚೆ ಹೋಯಿತು. ಒಬ್ಬ ಪುಟ್ಟ ಹುಡುಗ ಓಡಿದ. ತಂದು ಕೊಡುವಾಗ ಒಂದು ಸಲ ತಾನೂ ಒದ್ದು ಕೊಟ್ಟ. ಅದಕ್ಕೇ ಓಡುವುದು, ಅಲ್ವಾ?

ಪಕ್ಕದಲ್ಲಿ ನಿಂತಿದ್ದ ಚಪ್ಪಟೆ ಟೋಪಿಯ ಅಜ್ಜ ಹದಿನೈದಕ್ಕೆ ಗಣಿಗಿಳಿದವರು. ಪೈ ತಂದುಕೊಟ್ಟರು, ನಮ್ಮಾಕೆಗೆ ಚೀಸ್ ಮತ್ತು ಈರುಳ್ಳಿಯದು. ಒಳಗಿನ ಚೀಸ್ ಕೆಂಡ. ಅವಳು "ಹಾ ಹಾ" ಅಂತ ಬಾಯಿ ತೆರೆದು ಗಾಳಿ ಹಾಕಿಕೊಂಡಿದ್ದನ್ನು ನೋಡಿ ಅಜ್ಜ ನಕ್ಕರು. ನಿಮ್ಮ ಗಣಿ ಹೇಗಿತ್ತು ಅಂದರು. ಏರ್ ಬ್ಲಾಸ್ಟ್ ಬಗ್ಗೆ ಹೇಳಿದೆ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆಗಳು ಝಲ್ ಅನ್ನುತ್ತಿದ್ದವು. ಅಮ್ಮ ಒಲೆಯ ಮುಂದೆ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಲ್ಲುತ್ತಿದ್ದಳು, ಸೈರನ್ ಆಗುತ್ತದೋ ಇಲ್ಲವೋ ಅಂತ. ಅಜ್ಜ ತಲೆಯಾಡಿಸಿದರು. ಅವರ ಅಮ್ಮನೂ ಹಾಗೇ ನಿಲ್ಲುತ್ತಿದ್ದರಂತೆ, ಕೈಯಲ್ಲಿ ಚಮಚ ಹಿಡಿದು.

ಕೇಳಬೇಕು ಅನ್ನಿಸಿದ್ದನ್ನು ಕೇಳಿದೆ. 1960ರಲ್ಲಿ ಊರಿನಲ್ಲಿ ಬೇಕಾದಷ್ಟು ಕಷ್ಟ ಇದ್ದಿರಬೇಕು. ಐವತ್ತು ವರ್ಷ ಹಳೆಯ ಕಪ್ಪಿಗೆ 100 ಪೌಂಡ್ ಕೊಟ್ಟದ್ದು ಯಾಕೆ? ಅಜ್ಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ನಮ್ಮದಲ್ವಾ?" ಅಂದರು. ಅಷ್ಟರಲ್ಲಿ ಕಾರ್ನರ್ ಸಿಕ್ಕಿತು, ಅವರು ಆ ಕಡೆ ತಿರುಗಿದರು.

ವೆಸ್ಟ್ 2–1ರಲ್ಲಿ ಗೆದ್ದಿತು. ಎರಡನೇ ಗೋಲು ಕೊನೆಯ ಐದು ನಿಮಿಷದಲ್ಲಿ, ಗೋಲ್‌ಕೀಪರ್ ಕೈ ಜಾರಿ. ನಮ್ಮಾಕೆ ನನಗಿಂತ ಮೊದಲು ಕಿರುಚಿದಳು. ಲಾಟರಿ ಬರಲಿಲ್ಲ. ಬಹುಮಾನ ಹಂದಿ ಮಾಂಸದ ದೊಡ್ಡ ತಟ್ಟೆ ಅಂತ ಆಮೇಲೆ ಗೊತ್ತಾಯಿತು.

ವಾಪಸ್ ಬಸ್ಸಿಗೆ ಕಾಯುವಾಗ ರಾಬರ್ಟ್‌ಸನ್‌ಪೇಟೆಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ. ಏನಾಯ್ತೋ ಅಂತ ಗಾಬರಿಯಾದ. ಏನಿಲ್ಲ ಕಣೋ, ಅಟ್ಟದ ಮೇಲೆ ಅಪ್ಪನ ಚೆಂಡು ಇತ್ತಲ್ಲ, ಇದೆಯಾ ನೋಡು ಅಂದೆ.

"ಆ ತೊಗಲು ಚೆಂಡಾ? ಅದೆಲ್ಲಿದೆ ಅಣ್ಣಾ. ಪಕ್ಕದ ಲೈನಿನ ಹುಡುಗರು ಬಂದು ಕೇಳಿದ್ರು, ಕೊಟ್ಟುಬಿಟ್ಟೆ. ಹರಿದು ಹೋಗೋವರೆಗೂ ಆಡಿದ್ರು."

"ಯಾವಾಗ?"

"ಆಗಲೇ ಏಳೆಂಟು ವರ್ಷ ಆಯ್ತು. ಯಾಕೆ, ಬೇಕಿತ್ತಾ?"

ಬಸ್ ಬಂತು. ನಮ್ಮಾಕೆ ಆಗಲೇ ಮೇಲೆ ಹತ್ತಿ ಡ್ರೈವರ್ ಹತ್ತಿರ ಟಿಕೆಟ್ ಕೇಳುತ್ತಿದ್ದಳು. ಬೇಡ, ಸುಮ್ನೆ ಕೇಳಿದೆ ಅಂತ ಹೇಳಿ ಹತ್ತಿದೆ.